ಆರು ಋತು, ಆರು ಕತೆ: ವರ್ಷದ ಸಂಕಲ್ಪದಿಂದ ಬರವಣಿಗೆಯನ್ನು ಬೆಳೆಸಿಕೊಳ್ಳುವ ಬಗೆ

ಯುಗಾದಿಯ ದಿನ ಬೇವುಬೆಲ್ಲ ತಿಂದ ಬಾಯಲ್ಲೇ ‘ಈ ವರ್ಷ ಒಂದು ಕಾದಂಬರಿಯನ್ನು ಬರೆದು ಮುಗಿಸುತ್ತೇನೆ’ ಎಂದು ನಾನು ಸತತವಾಗಿ ನಾಲ್ಕು ವರ್ಷ ಹೇಳಿಕೊಂಡಿದ್ದೆ. ನಾಲ್ಕು ವರ್ಷವೂ ಆ ಕಾದಂಬರಿ ನಲವತ್ತನೆಯ ಪುಟದ ಆಸುಪಾಸಿನಲ್ಲೇ ನಿಂತುಹೋಯಿತು. ಐದನೆಯ ವರ್ಷ ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆಯುತ್ತಿದ್ದಾಗ, ಪುರೋಹಿತರು ಹೇಳಿಸುತ್ತಿದ್ದ ಸಂಕಲ್ಪವನ್ನು ಮೊದಲ ಬಾರಿಗೆ ಕಿವಿಗೊಟ್ಟು ಕೇಳಿದೆ. ಮೊದಲು ಸ್ಥಳ ಬರುತ್ತದೆ, ಗೋದಾವರಿಯ ದಕ್ಷಿಣ ತೀರದವರೆಗೆ ಗುರುತು ಹೇಳಿ. ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಆಮೇಲೆ ಮಾಡುವವನ ಗೋತ್ರ ಮತ್ತು ಹೆಸರು. ಆಮೇಲೆ ಆಯುಸ್ಸು, ಆರೋಗ್ಯ, ಐಶ್ವರ್ಯ ಮುಂತಾದ ಆಸೆಗಳ ಪಟ್ಟಿ. ಆದರೆ ಆ ಆಸೆಗಳೆಲ್ಲ ‘ಅರ್ಥಂ’ ಎಂದು ಮುಗಿಯುತ್ತವೆ, ಅಂದರೆ ‘ಇದಕ್ಕಾಗಿ’ ಎಂದಷ್ಟೇ. ‘ಕರಿಷ್ಯೇ’, ಮಾಡುತ್ತೇನೆ, ಎಂಬ ಕ್ರಿಯಾಪದ ಸೇರುವುದು ಪೂಜೆಗೆ ಮಾತ್ರ, ಅದೂ ‘ಯಾವಚ್ಛಕ್ತಿ’, ಕೈಲಾದಷ್ಟು, ಎಂಬ ಮಾತಿನ ಜೊತೆಗೆ. ಐಶ್ವರ್ಯವನ್ನು ಮಾಡುತ್ತೇನೆಂದು ಯಾರೂ ಅಲ್ಲಿ ಮಾತು ಕೊಡುವುದಿಲ್ಲ.

ನನ್ನ ನಾಲ್ಕು ವರ್ಷದ ಸಂಕಲ್ಪಗಳು ಎಲ್ಲಿ ಕೆಟ್ಟಿದ್ದವು ಎಂಬುದು ಆ ಮಣೆಯ ಮೇಲೆ ಕುಳಿತಾಗ ಹೊಳೆಯಿತು. ನಾನು ಫಲಕ್ಕೆ ಕ್ರಿಯಾಪದವನ್ನು ಅಂಟಿಸಿದ್ದೆ. ಜಾಗ, ಹೊತ್ತು, ಅಳತೆ ಯಾವುದನ್ನೂ ಹೇಳಿರಲಿಲ್ಲ. ಮುಂದೆ ಹೇಳುವುದೆಲ್ಲ ಆ ತಪ್ಪನ್ನು ತಿದ್ದಿಕೊಂಡ ಮೇಲೆ, ಹಲವು ವರ್ಷ ಸಣ್ಣಕತೆಯೊಂದನ್ನೇ ಹಿಡಿದು ಕಲಿತ ವಿಧಾನ. ನೌಕರಿ, ಮನೆ, ಮಕ್ಕಳ ಪರೀಕ್ಷೆ ಇವುಗಳ ನಡುವೆ ಬರೆಯಬೇಕಾದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಸಣ್ಣಕತೆಯೇ ಏಕೆ

ಬರವಣಿಗೆಯಲ್ಲಿ ಕಲಿಯಲು ಅತ್ಯಂತ ಕಷ್ಟವಾದದ್ದು ಮುಗಿಸುವುದು. ಆರಂಭ ಎಲ್ಲರಿಗೂ ಬರುತ್ತದೆ. ನನ್ನ ಹಳೆಯ ನೋಟ್‌ಬುಕ್ಕುಗಳಲ್ಲಿ ಸೊಗಸಾದ ಆರಂಭಗಳು ಮೂವತ್ತಕ್ಕೂ ಹೆಚ್ಚಿವೆ. ಕಾದಂಬರಿಯನ್ನು ಹಿಡಿದವನಿಗೆ ಮೂರು ವರ್ಷಕ್ಕೆ ಒಂದು ಮುಕ್ತಾಯವನ್ನು ಬರೆಯುವ ಅವಕಾಶ ಸಿಗುತ್ತದೆ, ಅದೂ ಅಷ್ಟು ದೂರ ಹೋದರೆ. ವರ್ಷಕ್ಕೆ ಆರು ಕತೆ ಬರೆಯುವವನಿಗೆ ಆರು ಮುಕ್ತಾಯಗಳು ಸಿಗುತ್ತವೆ, ಅವುಗಳಲ್ಲಿ ನಾಲ್ಕು ಕೆಟ್ಟರೂ ಎರಡು ಉಳಿಯುತ್ತವೆ, ಮತ್ತು ಕೆಟ್ಟ ನಾಲ್ಕು ಏಕೆ ಕೆಟ್ಟವು ಎಂದು ನೋಡಲು ಇಡೀ ಕತೆ ಒಂದೇ ಬಾರಿಗೆ ಕಣ್ಣಿಗೆ ಬೀಳುತ್ತದೆ.

ಕನ್ನಡದಲ್ಲಿ ಇದು ಮೊದಲಿನಿಂದಲೂ ಉದ್ಯೋಗಸ್ಥರ ಪ್ರಕಾರವೂ ಆಗಿದೆ. 1920ರಲ್ಲಿ ‘ಕೆಲವು ಸಣ್ಣ ಕತೆಗಳು’ ಪ್ರಕಟಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆಗ ಮೈಸೂರು ಸಂಸ್ಥಾನದ ಅಧಿಕಾರಿ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿಯುತ್ತಲೇ ಉತ್ತರ ಕನ್ನಡದ ಹನೇಹಳ್ಳಿಯನ್ನು ಬರೆದರು. ಬೆಸಗರಹಳ್ಳಿ ರಾಮಣ್ಣನವರು ವೈದ್ಯರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರು ಹಾಸನದಲ್ಲಿ ವಕೀಲಿ ವೃತ್ತಿಯಲ್ಲಿದ್ದವರು. ಆ ಪ್ರಶಸ್ತಿ ಬಂದ, ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿರುವುದು 12 ಕತೆಗಳು, ಅವುಗಳನ್ನು ಬರೆದದ್ದು 1990ರಿಂದ 2023ರವರೆಗಿನ ಅವಧಿಯಲ್ಲಿ. ಈ ಲೆಕ್ಕವನ್ನು ಹೊಸಬರು ಒಮ್ಮೆ ನಿಧಾನವಾಗಿ ಓದಿಕೊಳ್ಳಬೇಕೆಂದು ನನ್ನ ಆಸೆ, ಏಕೆಂದರೆ ಮೊದಲ ವರ್ಷದಲ್ಲೇ ಸಂಕಲನ ತರಬೇಕೆಂಬ ಅವಸರ ನಮ್ಮಲ್ಲಿ ಬಹಳ ಇದೆ.

ಸಂಕಲ್ಪದ ಹಾಳೆ

2026ರ ಮಾರ್ಚ್ 19ರ ಯುಗಾದಿಯಿಂದ ಆರಂಭವಾಗುವುದು ಪರಾಭವ ಸಂವತ್ಸರ. (ಅರವತ್ತು ವರ್ಷಕ್ಕೊಮ್ಮೆ ಬರುವ ಈ ಹೆಸರಿನ ಅರ್ಥ ಸೋಲು, ಬರೆಯುವವನ ನೋಟ್‌ಬುಕ್ಕಿನ ರಟ್ಟಿನ ಮೇಲೆ ಇದಕ್ಕಿಂತ ಪ್ರಾಮಾಣಿಕವಾದ ಹೆಸರು ಬೇರೆ ಇರಲಾರದು.) ನಾನು ಯುಗಾದಿಯಿಂದ ಯುಗಾದಿಗೆ ಲೆಕ್ಕ ಹಿಡಿಯುತ್ತೇನೆ, ಜನವರಿ 1ರಿಂದ ಹಿಡಿದರೂ, ಮಕ್ಕಳ ಶಾಲೆ ತೆರೆಯುವ ದಿನದಿಂದ ಹಿಡಿದರೂ ವಿಧಾನ ಬದಲಾಗುವುದಿಲ್ಲ. ನನಗೆ ಪಂಚಾಂಗ ಅನುಕೂಲವಾದದ್ದು ಅದರಲ್ಲಿ ಆರು ಋತುಗಳು ಸಿದ್ಧವಾಗಿರುವುದರಿಂದ. ಎರಡು ತಿಂಗಳಿಗೊಂದು ಋತು, ಋತುವಿಗೊಂದು ಕತೆ. ತಿಂಗಳಿಗೊಂದು ಎಂದರೆ ತಿದ್ದಲು ಸಮಯ ಉಳಿಯುವುದಿಲ್ಲ. ಮೂರು ತಿಂಗಳಿಗೊಂದು ಎಂದರೆ ಕತೆಯ ಬಿಸಿ ಆರಿಹೋಗುತ್ತದೆ.

ಹಾಳೆಯಲ್ಲಿ ಪೂಜೆಯ ಸಂಕಲ್ಪದ ಕ್ರಮದಲ್ಲಿಯೇ ಬರೆಯಿರಿ. ನನ್ನ ಕಳೆದ ವರ್ಷದ ಹಾಳೆ ಹೀಗಿತ್ತು: ‘ಊಟದ ಮೇಜಿನ ಕಿಟಕಿಯ ಕಡೆಯ ಕುರ್ಚಿಯಲ್ಲಿ, ಬೆಳಗ್ಗೆ 5.30ರಿಂದ 6.15ರವರೆಗೆ, ವಾರಕ್ಕೆ ನಾಲ್ಕು ದಿನ ಕುಳಿತು, ಋತುವಿಗೊಂದರಂತೆ ಆರು ಕತೆಗಳನ್ನು ಕೊನೆಯ ಸಾಲಿನವರೆಗೆ ಬರೆದು, ಒಂದೊಂದನ್ನೂ ಒಮ್ಮೆ ಮೊದಲಿನಿಂದ ಮತ್ತೆ ಬರೆಯುತ್ತೇನೆ, ಕೈಲಾದಷ್ಟು.’ ಪ್ರಕಟಣೆ, ಬಹುಮಾನ, ಹಿರಿಯರ ಮೆಚ್ಚುಗೆ ಇವುಗಳನ್ನೂ ಬರೆದುಕೊಳ್ಳಬಹುದು, ಆದರೆ ಬೇರೆಯಾಗಿ, ‘ಅರ್ಥಂ’ ಎಂಬ ತಲೆಬರಹದ ಕೆಳಗೆ. ಅವು ಬೇಕು ಎಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ; ಅವುಗಳಿಗೆ ‘ಮಾಡುತ್ತೇನೆ’ ಎಂದು ಬರೆಯಬಾರದು ಅಷ್ಟೆ.

ಅಳತೆಯನ್ನು ಪದಗಳಲ್ಲಿ ಇಟ್ಟುಕೊಳ್ಳುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ದಿನಕ್ಕೆ ಸಾವಿರ ಪದ ಬರೆಯಿರಿ ಎಂಬ ಸಲಹೆ ಇಂಗ್ಲಿಷಿನಲ್ಲಿ ಬರೆಯುವವರಿಂದ ಬಂದದ್ದು. ನಮ್ಮ ಭಾಷೆಯಲ್ಲಿ ವಿಭಕ್ತಿ, ಕಾಲ, ಸಂಶಯ ಎಲ್ಲವೂ ಪದದೊಳಗೇ ಸೇರಿಕೊಳ್ಳುತ್ತವೆ. ‘ಹೋಗಬೇಕಾಗಿತ್ತೇನೋ’ ಎಂಬ ಒಂದು ಪದವನ್ನು ಇಂಗ್ಲಿಷಿನಲ್ಲಿ ಹೇಳಲು ನಾಲ್ಕೈದು ಪದ ಬೇಕು. ಆದ್ದರಿಂದ ಕನ್ನಡದಲ್ಲಿ ಎರಡು ಸಾವಿರ ಪದದ ಕತೆ ಚಿಕ್ಕದಲ್ಲ. ಮುಕ್ಕಾಲು ಗಂಟೆಗೆ ಇನ್ನೂರು ಪದ ಬಂದರೆ ಹತ್ತು ಬಾರಿ ಕುಳಿತಾಗ ಕರಡು ಮುಗಿಯುತ್ತದೆ, ಅಂದರೆ ವಾರಕ್ಕೆ ನಾಲ್ಕು ದಿನದಂತೆ ಎರಡೂವರೆ ವಾರ. ಅರ್ಧ ವಾರವನ್ನು ಜ್ವರಕ್ಕೂ ನೆಂಟರಿಗೂ ಬಿಟ್ಟು ಮೂರು ವಾರ ಎಂದು ಹಿಡಿಯಿರಿ. ನಂತರ ಎರಡು ವಾರ ಕರಡನ್ನು ಮುಟ್ಟಬಾರದು. ಆಮೇಲಿನ ಎರಡು ವಾರ ಮತ್ತೆ ಬರೆಯಲು, ಕೊನೆಯ ವಾರ ಗಟ್ಟಿಯಾಗಿ ಓದಲು, ಓದಿಸಲು. ಈ ಸಲ ಜ್ಯೇಷ್ಠ ಅಧಿಕವಾಗಿ ಬಂದಿದೆ, ಹಾಗಾಗಿ ಗ್ರೀಷ್ಮದ ಕತೆಗೆ ಒಂದು ತಿಂಗಳು ಹೆಚ್ಚಿಗೆ ಸಿಗುತ್ತದೆ. ಅಧಿಕ ಮಾಸದಲ್ಲಿ ಹೊಸ ಕೆಲಸ ಆರಂಭಿಸುವುದಿಲ್ಲ ಎಂಬ ನಮ್ಮ ಅಜ್ಜಿಯ ನಿಯಮವನ್ನೇ ಪಾಲಿಸಿ, ಅದನ್ನು ಹಳೆಯ ಕರಡುಗಳನ್ನು ತೆಗೆದು ಓದಲು ಇಟ್ಟುಕೊಳ್ಳಬಹುದು.

ಒಂದು ಕತೆ, ಒಂದು ಕಸುಬು

ಆರು ಕತೆ ಎಂಬ ಸಂಖ್ಯೆ ಮಾತ್ರ ಇದ್ದರೆ ಒಂದೇ ಕತೆಯನ್ನು ಆರು ಸಲ ಬರೆಯುವ ಅಪಾಯವಿದೆ. ಅದಕ್ಕಾಗಿ ಪ್ರತಿ ಋತುವಿಗೂ ಕಸುಬಿನ ಒಂದು ಕಟ್ಟುಪಾಡನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಒಂದು ಗಂಟೆಯೊಳಗೆ ನಡೆದು ಮುಗಿಯುವ ಕತೆ. ಹೇಳುವವನೇ ಏನನ್ನೋ ಮುಚ್ಚಿಡುತ್ತಿರುವ ಕತೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರ ಕಣ್ಣಿಂದ ನೋಡಿದ ಕತೆ. ಯಾರೂ ಅಳದ ಕತೆ. ಕೊನೆಯದು ಸುಲಭವೆಂದು ತೋರಬಹುದು. ನನ್ನ ಮೊದಲ ಹತ್ತು ಕತೆಗಳಲ್ಲಿ ಎಂಟರಲ್ಲಿ ಯಾರಾದರೊಬ್ಬರು ಅತ್ತಿದ್ದರು, ಮತ್ತು ಎಂಟರಲ್ಲಿಯೂ ಆ ಕಣ್ಣೀರು ನಾನು ಬರೆಯಲಾಗದೆ ಬಿಟ್ಟ ದೃಶ್ಯದ ಬದಲಿಗೆ ಬಂದು ಕುಳಿತಿತ್ತು.

ಈ ಕಟ್ಟುಪಾಡುಗಳಲ್ಲಿ ಕನ್ನಡದ ಬರಹಗಾರ ತಪ್ಪದೆ ಹಾಕಿಕೊಳ್ಳಬೇಕಾದದ್ದು ಮಾತಿನದು. ನಾವು ಶಾಲೆಯಲ್ಲಿ ಕಲಿತ ಬರಹದ ಕನ್ನಡ ಬೇರೆ, ಮನೆಯಲ್ಲಿ ಆಡುವ ಕನ್ನಡ ಬೇರೆ. ಹೊಸಬರ ಕತೆಗಳಲ್ಲಿ ಮಂಡ್ಯದ ರೈತನೂ ಧಾರವಾಡದ ಮುದುಕಿಯೂ ‘ನೀನು ಎಲ್ಲಿಗೆ ಹೋಗುತ್ತಿದ್ದೀಯೆ?’ ಎಂದು ಪಠ್ಯಪುಸ್ತಕದಂತೆ ಕೇಳುತ್ತಾರೆ. ಧಾರವಾಡದವಳು ‘ಎಲ್ಲಿಗೆ ಹೊಂಟೀ?’ ಎನ್ನುತ್ತಾಳೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ಗೊತ್ತಿರುವುದು ಸಾಲದು, ಬೇರೆ ಸೀಮೆಯ ಮಾತನ್ನು ಸಿನಿಮಾದಿಂದ ಕಲಿತು ಬರೆದರೆ ಆ ಸೀಮೆಯವರು ಎರಡನೆಯ ಸಾಲಿಗೇ ಕತೆಯನ್ನು ಮಡಚಿಡುತ್ತಾರೆ. ಮೊದಲ ವರ್ಷ ನಿಮ್ಮ ತಾಯಿಯ ಅಡುಗೆಮನೆಯ ಮಾತಿನಲ್ಲಿ ಮಾತ್ರ ಸಂಭಾಷಣೆ ಬರೆಯಿರಿ. ಆ ಮಾತನ್ನು ನೀವು ತಪ್ಪಿಯೂ ತಪ್ಪಾಗಿ ಬರೆಯಲಾರಿರಿ.

ಇದರ ಜೊತೆಗೆ ‘ನೀನು’, ‘ನೀವು’ಗಳನ್ನು ಗಮನಿಸಿ. ಈ ಒಂದು ಸೌಲಭ್ಯ ನಮ್ಮ ಭಾಷೆಯಲ್ಲಿ ಕತೆಗಾರನಿಗೆ ಪುಕ್ಕಟೆಯಾಗಿ ಸಿಕ್ಕಿದೆ, ಮತ್ತು ನಾವು ಅದನ್ನು ಬಳಸುವುದೇ ಇಲ್ಲ. ಮೂವತ್ತು ವರ್ಷ ಗಂಡನನ್ನು ‘ನೀವು’ ಎಂದೇ ಕರೆದ ಹೆಂಡತಿ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಒಮ್ಮೆ ‘ಏಳು, ಕಾಫಿ ಕುಡಿ’ ಎಂದರೆ ಅಲ್ಲಿ ಒಂದು ಪುಟದ ವಿವರಣೆ ಬೇಡವಾಗುತ್ತದೆ. ಅಣ್ಣತಮ್ಮಂದಿರು ಆಸ್ತಿಯ ಪಾಲಿನ ಪಂಚಾಯಿತಿಯಲ್ಲಿ ಇದ್ದಕ್ಕಿದ್ದಂತೆ ಒಬ್ಬರನ್ನೊಬ್ಬರು ‘ನೀವು’ ಎನ್ನಲು ಆರಂಭಿಸಿದರೆ ಮನೆ ಎರಡಾಯಿತೆಂದು ಬೇರೆ ಹೇಳಬೇಕಾಗಿಲ್ಲ. ‘ಕಣೋ’, ‘ಕಣೇ’, ‘ಕಣ್ರೀ’, ‘ಕಣಪ್ಪ’ಗಳ ನಡುವಿನ ದೂರವನ್ನು ಅಳೆದು ಬರೆಯುವುದೇ ಒಂದು ಋತುವಿನ ಕಟ್ಟುಪಾಡಾಗಬಹುದು, ನಾನು ಹಾಗೆ ಮಾಡಿದ ಋತುವಿನಲ್ಲಿ ಬಂದ ಕತೆಯಲ್ಲಿ ವಿಶೇಷಣಗಳು ತಾವಾಗಿಯೇ ಅರ್ಧಕ್ಕೆ ಇಳಿದಿದ್ದವು.

ಓದಿನ ಸಂಕಲ್ಪವನ್ನು ಚಿಕ್ಕದಾಗಿ ಇಟ್ಟುಕೊಳ್ಳಿ. ವರ್ಷಕ್ಕೆ ಐವತ್ತು ಪುಸ್ತಕ ಎಂದು ಬರೆದರೆ ಓದು ಓಟವಾಗುತ್ತದೆ. ಋತುವಿಗೆ ಒಂದು ಮೆಚ್ಚಿನ ಕತೆಯನ್ನು ಆಯ್ದು ಕೈಯಲ್ಲೇ ನಕಲು ಮಾಡಿ, ಮೊದಲ ಸಂಭಾಷಣೆ ಎಷ್ಟನೆಯ ಪ್ಯಾರಾದಲ್ಲಿ ಬರುತ್ತದೆ, ಕಾಲ ಎಲ್ಲಿ ಜಿಗಿಯುತ್ತದೆ, ಕೊನೆಯ ಪ್ಯಾರಾದಲ್ಲಿ ಯಾವ ಸುದ್ದಿಯನ್ನು ಹೇಳದೆ ಬಿಟ್ಟಿದ್ದಾರೆ ಎಂದು ಅಂಚಿನಲ್ಲಿ ಗುರುತು ಮಾಡಿ. ಕೈ ನೋಯುವುದರಿಂದಲೇ ಒಂದೊಂದು ಪದದ ಬೆಲೆ ತಿಳಿಯುತ್ತದೆ.

ಎರಡನೆಯ ಬಾರಿ ಬರೆಯುವುದು

ತಿದ್ದುವುದು ಎಂದರೆ ಕಾಗುಣಿತ ನೋಡುವುದು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಎರಡು ವಾರ ಮುಚ್ಚಿಟ್ಟ ಕರಡನ್ನು ತೆರೆದು, ಅದನ್ನು ಪಕ್ಕಕ್ಕಿಟ್ಟು, ಖಾಲಿ ಹಾಳೆಯಲ್ಲಿ ಮತ್ತೆ ಮೊದಲಿನಿಂದ ಬರೆಯುವುದೇ ತಿದ್ದುವುದು. ಒಂದು ಉದಾಹರಣೆಯನ್ನು ನನ್ನದೇ ನೋಟ್‌ಬುಕ್ಕಿನಿಂದ ಕೊಡುತ್ತೇನೆ. ಅಡಿಕೆ ಸುಲಿದು ಬೆರಳ ಗೆರೆಗಳು ಸವೆದುಹೋದ ಮಲೆನಾಡಿನ ಹೆಂಗಸೊಬ್ಬಳ ಹೆಬ್ಬೆಟ್ಟನ್ನು ಪಡಿತರ ಅಂಗಡಿಯ ಯಂತ್ರ ಒಪ್ಪದೆ ಹೋಗುವುದು ಕತೆಯ ವಸ್ತು. ಮೊದಲ ಕರಡಿನಲ್ಲಿ ಹೀಗಿತ್ತು:

‘ಬದುಕಿನ ಬವಣೆಯಲ್ಲಿ ಬೆಂದು ಬಸವಳಿದ ಗಿರಿಜಮ್ಮ ನ್ಯಾಯಬೆಲೆ ಅಂಗಡಿಯ ಮುಂದೆ ದೈನ್ಯವಾಗಿ ನಿಂತಿದ್ದಳು. ನಿರ್ಜೀವ ಯಂತ್ರ ಅವಳ ಬೆರಳಚ್ಚನ್ನು ಒಪ್ಪಲಿಲ್ಲ. ಜೀವಮಾನವಿಡೀ ದುಡಿದ ಕೈಗೆ ಗುರುತೇ ಇಲ್ಲವೇ ಎಂದು ಅವಳ ಹೃದಯ ಚೀರಿತು. ಕಣ್ಣಂಚಿನಿಂದ ಹನಿಯೊಂದು ಜಾರಿತು.’

ಎರಡನೆಯ ಬಾರಿ ಬರೆದದ್ದು:

‘ಗಿರಿಜಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಗಾಜಿನ ಮೇಲೆ ಇಟ್ಟಳು. ಕೆಂಪು ದೀಪ. “ಇನ್ನೊಂದು ಬೆರಳು ಇಡಿ ಅಮ್ಮಾ” ಎಂದ ಅಂಗಡಿಯ ಹುಡುಗ. ತೋರುಬೆರಳು, ನಡುಬೆರಳು, ಆಮೇಲೆ ಎಡಗೈಯವು. ಅಡಿಕೆಯ ಚೊಗರು ಉಗುರುಗಳ ಸುತ್ತ ಕಪ್ಪಗೆ ಕೂತಿತ್ತು. “ನಿಂಬೆಹಣ್ಣು ತಿಕ್ಕಂಡು ಬರ್ಬೇಕಿತ್ತು ಕಣೇ” ಎಂದಳು ಹಿಂದೆ ನಿಂತವಳು. ಹತ್ತೂ ಬೆರಳು ಮುಗಿದ ಮೇಲೆ ಗಿರಿಜಮ್ಮ, “ಇನ್ನು ಇಲ್ಲ ಕಣಪ್ಪ” ಎಂದು ಎರಡೂ ಕೈಗಳನ್ನು ಹುಡುಗನ ಮುಂದೆ ಚಾಚಿದಳು, ಅವನು ಎಣಿಸಿ ನೋಡಬೇಕೇನೋ ಎಂಬಂತೆ.’

ಮೊದಲನೆಯದರಲ್ಲಿ ಬವಣೆ, ದೈನ್ಯ, ಹೃದಯ, ಹನಿ ಎಲ್ಲವೂ ಬೇರೆಯವರ ಕತೆಗಳಿಂದ ಕಡ ತಂದವು. ಗಿರಿಜಮ್ಮನ ಜಾಗದಲ್ಲಿ ಯಾವ ಬಡವಿಯನ್ನು ನಿಲ್ಲಿಸಿದರೂ ಆ ನಾಲ್ಕು ವಾಕ್ಯ ಒಗ್ಗುತ್ತವೆ. ಎರಡನೆಯದರಲ್ಲಿ ಬೆರಳುಗಳ ಲೆಕ್ಕ ಬಂದಿದೆ, ಚೊಗರು ಬಂದಿದೆ, ಸಾಲಿನಲ್ಲಿ ನಿಂತವಳ ಉಚಿತ ಸಲಹೆ ಬಂದಿದೆ. ಇವು ಬಂದದ್ದು ನನ್ನ ಜಾಣತನದಿಂದ ಅಲ್ಲ. ಕರಡನ್ನು ಮುಚ್ಚಿಟ್ಟ ಎರಡು ವಾರಗಳಲ್ಲಿ ಒಂದು ಭಾನುವಾರ ಪರಿಚಯದವರ ಅಡಿಕೆ ಚಪ್ಪರದ ಕೆಳಗೆ ಎರಡು ಗಂಟೆ ಸುಮ್ಮನೆ ಕುಳಿತಿದ್ದೆ. ಸುಲಿಯುವವರ ಕೈಗಳನ್ನು ನೋಡಿದೆ, ಕಪ್ಪು ಹೋಗಲು ಏನು ಹಚ್ಚುತ್ತಾರೆಂದು ಕೇಳಿದೆ. ಆ ಭೇಟಿಯಲ್ಲಿ ಇನ್ನೊಂದು ತಪ್ಪೂ ಬಯಲಾಯಿತು. ಕತೆಯನ್ನು ನಾನು ಆಷಾಢದ ಮಳೆಯಲ್ಲಿ ಇಟ್ಟಿದ್ದೆ, ಮಳೆಯ ವರ್ಣನೆ ಚೆನ್ನಾಗಿ ಬರುತ್ತದೆಂಬ ದುರಾಸೆಯಿಂದ. ಕೊಯ್ಲು ಮತ್ತು ಸುಲಿತ ನಡೆಯುವುದು ಮಳೆ ಹಿಂತೆಗೆದ ಮೇಲೆ, ಚಳಿಗಾಲದಲ್ಲಿ. ಆಷಾಢದಲ್ಲಿ ಉಗುರಿನ ಸುತ್ತ ಹಸಿ ಚೊಗರು ಎಲ್ಲಿಂದ ಬರಬೇಕು? ಮಳೆಯ ಎರಡು ಪ್ಯಾರಾಗಳನ್ನು ಹೊಡೆದುಹಾಕಿದೆ. ಅವು ನಿಜವಾಗಿಯೂ ಚೆನ್ನಾಗಿದ್ದವು, ಈಗಲೂ ಸ್ವಲ್ಪ ಸಂಕಟವಿದೆ.

ಆದ್ದರಿಂದ ಎರಡು ವಾರದ ಬಿಡುವನ್ನು ಬಿಡುವೆಂದು ತಿಳಿಯಬೇಡಿ. ಕತೆಯಲ್ಲಿ ಬರುವ ಕೆಲಸವನ್ನು ಮಾಡುವವರ ಬಳಿ ಹೋಗಿ ಅವರ ಪದಗಳನ್ನು ಕೇಳಿಕೊಂಡು ಬರಲು ಅದನ್ನು ಬಳಸಬೇಕು. ಗ್ಯಾರೇಜಿನವನು ಯಾವುದಕ್ಕೆ ಏನು ಅನ್ನುತ್ತಾನೆ, ಹೂ ಕಟ್ಟುವವಳು ಮೊಳವನ್ನು ಹೇಗೆ ಅಳೆಯುತ್ತಾಳೆ, ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ಬಂದವನು ಯಾವ ಕಿಟಕಿಯ ಮುಂದೆ ನಿಲ್ಲುತ್ತಾನೆ ಎಂಬುದನ್ನು ನಿಘಂಟು ಹೇಳುವುದಿಲ್ಲ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಇಂತಹ ಪದಗಳಿಗೆಂದೇ ನಾಲ್ಕು ಹಾಳೆ ಬಿಟ್ಟಿರಿ.

ಓದಿಸುವುದು, ಕಳಿಸುವುದು

ಗಟ್ಟಿಯಾಗಿ ಓದಿದಾಗ ನಾಲಿಗೆ ಎಡವಿದ ಕಡೆ ವಾಕ್ಯ ಕೆಟ್ಟಿದೆ ಎಂದು ಅರ್ಥ. ಇದಕ್ಕೆ ಹೆಚ್ಚಿನ ವಿವರಣೆ ಬೇಡ. ಓದಿಸಲು ಇಬ್ಬರು ಸಾಕು, ಅವರಲ್ಲಿ ಒಬ್ಬರು ಸಾಹಿತ್ಯದ ಗೋಜಿಗೆ ಹೋಗದವರಾಗಿರಬೇಕು. ನನ್ನ ಪಾಲಿಗೆ ಅದು ನಮ್ಮ ಅತ್ತಿಗೆ. ಒಮ್ಮೆ ಬಹಳ ಸಾಂಕೇತಿಕವೆಂದು ನಾನು ಹೆಮ್ಮೆಪಟ್ಟಿದ್ದ ಕತೆಯನ್ನು ಅವರು ಬಟಾಣಿ ಬಿಡಿಸುತ್ತ ಕೇಳಿ, ‘ಎಲ್ಲಾ ಸರಿ ಕಣೋ, ಆಮೇಲೇನಾಯ್ತು ಅಂತ ಕೇಳ್ಬೇಕು ಅನ್ಸಲೇ ಇಲ್ವಲ್ಲೋ’ ಎಂದರು. ವಿಮರ್ಶೆಯ ಪುಸ್ತಕಗಳಲ್ಲಿ ನನಗೆ ಇಷ್ಟು ಉಪಯುಕ್ತವಾದ ವಾಕ್ಯ ಇನ್ನೂ ಸಿಕ್ಕಿಲ್ಲ. ಓದುಗರನ್ನು ‘ಹೇಗಿದೆ?’ ಎಂದು ಕೇಳಬೇಡಿ, ಅದಕ್ಕೆ ‘ಚೆನ್ನಾಗಿದೆ’ ಎಂಬ ಒಂದೇ ಉತ್ತರ ನಮ್ಮ ಸಂಸ್ಕಾರದಲ್ಲಿದೆ. ಎಲ್ಲಿ ಬೇಸರವಾಯಿತು, ಯಾರು ಯಾರೆಂದು ಎಲ್ಲಿ ಗೊಂದಲವಾಯಿತು ಎಂದು ಕೇಳಿ.

ಕಳಿಸುವುದು ಸಂಕಲ್ಪದ ಭಾಗ, ಪ್ರಕಟವಾಗುವುದು ಅಲ್ಲ. ಸುಧಾ, ತರಂಗದಂತಹ ವಾರಪತ್ರಿಕೆಗಳು, ಮಯೂರ, ತುಷಾರದಂತಹ ಮಾಸಪತ್ರಿಕೆಗಳು, ದಿನಪತ್ರಿಕೆಗಳ ಭಾನುವಾರದ ಪುರವಣಿಗಳು ಸಣ್ಣಕತೆಗೆ ಜಾಗ ಕೊಡುತ್ತ ಬಂದಿವೆ. ಪ್ರಜಾವಾಣಿಯ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಂತಹವುಗಳಿಗೆ ಹಬ್ಬಕ್ಕೆ ಕೆಲವು ತಿಂಗಳು ಮೊದಲೇ ಕತೆ ಕಳಿಸಬೇಕಾಗುವುದರಿಂದ, ವಸಂತ ಮತ್ತು ಗ್ರೀಷ್ಮದ ಕತೆಗಳಲ್ಲಿ ಒಂದನ್ನು ಅದಕ್ಕೆಂದು ಕಾದಿರಿಸುವುದು ಜಾಣತನ. ಛಂದ ಪುಸ್ತಕ ಪ್ರಕಾಶನವು ಇನ್ನೂ ಸಂಕಲನ ತರದ ಹೊಸ ಕತೆಗಾರರ ಹಸ್ತಪ್ರತಿಗೆಂದೇ ಸ್ಪರ್ಧೆ ನಡೆಸುತ್ತ ಬಂದಿದೆ; ಎರಡು ವರ್ಷದ ಹನ್ನೆರಡು ಕತೆಗಳಲ್ಲಿ ಎಂಟು ಹತ್ತು ಉಳಿದರೆ ಅದರ ಕಡೆ ನೋಡಬಹುದು. ಪದಮಿತಿಯನ್ನು ಪ್ರಕಟಣೆಯಲ್ಲಿ ಹೇಳಿದಂತೆಯೇ ಪಾಲಿಸಿ, ಒಂದೇ ಕತೆಯನ್ನು ಒಂದೇ ಸಮಯದಲ್ಲಿ ಎರಡು ಕಡೆ ಕಳಿಸಬೇಡಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಿಂದ ಯೂನಿಕೋಡಿಗೆ ಪರಿವರ್ತಿಸಿದ ಕಡತವನ್ನು ಕಳಿಸುವ ಮೊದಲು ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಲ್ಲೇ ಒಮ್ಮೆ ನೋಡಿ. ಒಮ್ಮೆ ನನ್ನ ಕತೆಯ ನಾಯಕನ ಹೆಸರಿನ ಒತ್ತು ಪರಿವರ್ತನೆಯಲ್ಲಿ ಕಳಚಿಹೋಗಿ, ಅವನು ಹನ್ನೆರಡು ಪುಟವೂ ಬೇರೆ ಹೆಸರಿನಲ್ಲೇ ಓಡಾಡಿದ್ದ.

ನೋಟ್‌ಬುಕ್ಕಿನಲ್ಲಿ ಮೂರು ಅಂಕಣದ ಒಂದು ಪುಟವಿರಲಿ: ಕಳಿಸಿದ ದಿನ, ಕಳಿಸಿದ ಕಡೆ, ಉತ್ತರ. ಮೂರನೆಯ ಅಂಕಣ ಬಹುಪಾಲು ಖಾಲಿ ಉಳಿಯುತ್ತದೆ. ಒಂದು ಕಡೆ ನನ್ನ ಕತೆ ಹನ್ನೊಂದು ತಿಂಗಳು ಉತ್ತರವಿಲ್ಲದೆ ಇತ್ತು, ಫೋನು ಮಾಡಿ ಕೇಳಿದಾಗ ಅಂತಹ ಕತೆ ಬಂದೇ ಇಲ್ಲವೆಂದರು. ಅಂದಿನಿಂದ ನಾಲ್ಕು ತಿಂಗಳ ಗಡುವು ಇಟ್ಟುಕೊಂಡಿದ್ದೇನೆ. ಆ ದಿನಕ್ಕೆ ಉತ್ತರ ಬರದಿದ್ದರೆ ಕತೆಯನ್ನು ಹಿಂಪಡೆಯುತ್ತಿದ್ದೇನೆಂದು ಎರಡು ಸಾಲಿನ ವಿನಯದ ಪತ್ರ ಬರೆದು ಬೇರೆ ಕಡೆಗೆ ಕಳಿಸುತ್ತೇನೆ.

ನಡುವರ್ಷದ ಲೆಕ್ಕ

ವ್ಯಾಪಾರಿಗಳು ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚುತ್ತಾರೆ. ಯುಗಾದಿಯಿಂದ ಅಲ್ಲಿಗೆ ಏಳು ತಿಂಗಳಾಗಿರುತ್ತದೆ, ಮೂರು ಕತೆ ಮುಗಿದಿರಬೇಕು. ಮುಗಿದಿರುವುದಿಲ್ಲ. ಮಗಳ ಮದುವೆ, ವರ್ಗಾವಣೆ, ತಂದೆಯ ಕಾಯಿಲೆ ಯಾವುದೋ ಒಂದು ಋತುವನ್ನು ಪೂರ್ತಿ ನುಂಗಿರುತ್ತದೆ. ಇಲ್ಲಿ ನಾನು ಕಲಿತ ಒಂದೇ ನಿಯಮವೆಂದರೆ ಹಿಂದಿನ ಋತುವಿನ ಸಾಲವನ್ನು ಮುಂದಿನ ಋತುವಿಗೆ ಹೊರಿಸಕೂಡದು. ವರ್ಷಋತುವಿನ ಕತೆ ಆಗಲಿಲ್ಲವೆಂದರೆ ಆ ಪುಟದಲ್ಲಿ ಕಾರಣವನ್ನು ಒಂದೇ ಸಾಲಿನಲ್ಲಿ ಬರೆದು, ಶರತ್ತಿನಲ್ಲಿ ಶರತ್ತಿನ ಕತೆಯನ್ನು ಮಾತ್ರ ಬರೆಯಬೇಕು. ಬಾಕಿ ತೀರಿಸಲು ಹೊರಟು ನಾನು ಒಂದು ವರ್ಷ ಹೇಮಂತದಲ್ಲಿ ಮೂರು ಕತೆಗಳನ್ನು ಒಟ್ಟಿಗೆ ಹಿಡಿದು, ಮೂರನ್ನೂ ಕೈಬಿಟ್ಟೆ. ಕಾರಣದ ಸಾಲನ್ನು ಸುಳ್ಳಿಲ್ಲದೆ ಬರೆಯುವುದು ಮುಖ್ಯ. ‘ಸಮಯವಾಗಲಿಲ್ಲ’ ಎಂದು ಬರೆದ ಒಂದು ಪುಟದ ಕೆಳಗೆ ಆಮೇಲೆ ನಾನೇ ಪೆನ್ಸಿಲಿನಲ್ಲಿ ‘ಚಿಕ್ಕಪ್ಪ ಓದಿಯಾರೆಂಬ ಹೆದರಿಕೆ’ ಎಂದು ಸೇರಿಸಿದ್ದೇನೆ. ಆ ಕತೆ ಎರಡು ವರ್ಷದ ನಂತರ, ಚಿಕ್ಕಪ್ಪನ ಊರನ್ನೂ ಉದ್ಯೋಗವನ್ನೂ ಬದಲಿಸಿದ ಮೇಲೆ, ಸರಾಗವಾಗಿ ಬಂತು.

ಫಾಲ್ಗುಣದ ಕೊನೆಯ ವಾರದಲ್ಲಿ ಹೊಸದೇನನ್ನೂ ಬರೆಯದೆ, ಆ ವರ್ಷ ಮುಗಿದ ಕತೆಗಳನ್ನು, ಆರೋ ನಾಲ್ಕೋ, ಬರೆದ ಕ್ರಮದಲ್ಲಿ ಒಂದೇ ದಿನ ಕುಳಿತು ಓದಿ. ಕೈಯಲ್ಲಿ ಕೆಂಪು ಪೆನ್ನು ಇರಲಿ, ಆದರೆ ತಿದ್ದಲು ಅಲ್ಲ. ಮತ್ತೆ ಮತ್ತೆ ಬಂದದ್ದರ ಕೆಳಗೆ ಗೆರೆ ಎಳೆಯಲು. ಒಂದೇ ಕತೆಯೊಳಗೆ ಕಾಣದ ಚಾಳಿಗಳು ಆರನ್ನು ಒಟ್ಟಿಗೆ ಓದಿದಾಗ ಸಾಲಾಗಿ ನಿಲ್ಲುತ್ತವೆ, ಮತ್ತು ಮುಂದಿನ ವರ್ಷದ ಕಸುಬಿನ ಕಟ್ಟುಪಾಡುಗಳಿಗೆ ಅವೇ ಪಟ್ಟಿ. ಕಳೆದ ವರ್ಷದ ಐದು ಕತೆಗಳಲ್ಲಿ ನಾಲ್ಕು ಮುಗಿಯುವುದು ಯಾರೋ ಒಬ್ಬರು ಬಾಗಿಲಿನ ಹತ್ತಿರ ಹೋಗಿ ನಿಂತು ಹೊರಗೆ ನೋಡುವುದರಲ್ಲಿ ಎಂಬುದು ನನಗೆ ಅಂದೇ ತಿಳಿದದ್ದು. ಗಿರಿಜಮ್ಮನೂ ಅಕ್ಕಿಯ ಚೀಲವಿಲ್ಲದೆ ಬಂದು ಬಾಗಿಲಲ್ಲೇ ನಿಂತಿದ್ದಳು. ‘ಬಾಗಿಲಲ್ಲಿ ಯಾರೂ ನಿಲ್ಲಕೂಡದು’ ಎಂದು ಹೊಸ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಕೆಂಪು ಶಾಯಿಯಲ್ಲೇ ಬರೆದಿಟ್ಟಿದ್ದೇನೆ. ರೂಢಿ ತಪ್ಪಬಾರದೆಂದು ಈಗಲೇ ಹಿಡಿದಿರುವ ಕತೆಯ ಕರಡು ಹತ್ತನೆಯ ದಿನಕ್ಕೆ ಕೊನೆ ಮುಟ್ಟಿತು. ಅದರ ಕೊನೆಯ ಸಾಲಿನಲ್ಲಿ ಒಬ್ಬರು ಕಿಟಕಿಯ ಹತ್ತಿರ ಹೋಗಿ ನಿಂತಿದ್ದಾರೆ.